ಮೂರು ಎಣಿಸುವಷ್ಟು ಹೊತ್ತು

ಜೂನ್ 14, ಸೋಮವಾರ

ಎರಡು ತಿಂಗಳ ಲಾಕ್‌ಡೌನಿನ ಮೇಲೆ ಇವತ್ತು ಕನ್ನಡಕದ ಅಂಗಡಿಯ ಷಟರ್ ಎತ್ತಿದೆವು. ಹತ್ತರಿಂದ ನಾಲ್ಕು ಗಂಟೆಯವರೆಗೆ ಮಾತ್ರ, ಒಳಗೆ ಒಂದು ಸಲಕ್ಕೆ ಇಬ್ಬರೇ ಗಿರಾಕಿಗಳು. ಷಟರ್ ಅರ್ಧಕ್ಕೆ ಬಂದು ಸಿಕ್ಕಿಹಾಕಿಕೊಂಡಿತು. ಮಾಲೀಕರೂ ನಾನೂ ಬಗ್ಗಿಕೊಂಡೇ ಒಳಗೆ ಹೋದೆವು. ಫ್ರೇಮುಗಳ ಮೇಲೆ ಒಂದು ಪದರ ಧೂಳು. ಅಲ್ಲಿನ ಕನ್ನಡಿಯಲ್ಲಿ ನನ್ನ ಮುಖ ನೋಡಿ ನನಗೇ ದಿಗಿಲಾಯಿತು. ಕೂದಲು ಅಷ್ಟೊಂದು ಬೆಳ್ಳಗಾದದ್ದು ಯಾವಾಗಲೋ!

ಮೊದಲ ದಿನವೇ ಬೈಸಿಕೊಂಡೆ. ವಯಸ್ಸಾದ ಗಿರಾಕಿಯೊಬ್ಬರಿಗೆ ಮಾಲೀಕರು ಕಣ್ಣು ಪರೀಕ್ಷೆ ಮಾಡುತ್ತಿದ್ದರು. ನಾನು ಎಂದಿನಂತೆ ಕೋಲು ಹಿಡಿದು ಗೋಡೆಯ ಚಾರ್ಟಿನ ಪಕ್ಕ ನಿಂತಿದ್ದೆ. ಐದನೆಯ ಸಾಲಿಗೆ ಬಂದಾಗ ಅವರು ಸುಮ್ಮನಾಗಿಬಿಟ್ಟರು. ಒಂದು, ಎರಡು, ಮೂರು. ನನ್ನ ಬಾಯಿಂದ ತಾನಾಗಿಯೇ "ಮ" ಎಂದು ಬಂತು. "ಹಾಂ, ಮ! ಮ ಅಲ್ವಾ!" ಎಂದು ಅವರು ಖುಷಿಪಟ್ಟರು. ಮಾಲೀಕರು ಲೆನ್ಸ್ ಕೆಳಗಿಟ್ಟರು.

"ಏನಮ್ಮಾ, ಕನ್ನಡಕ ಇವರಿಗೋ ನಿಮಗೋ? ಕಾಣದಿದ್ರೆ ಕಾಣಲ್ಲ ಅಂತ ಅವರೇ ಹೇಳಲಿ. ಹಿಂದಿನ ಸಲ ನೀವು ಹೇಳಿಕೊಟ್ಟ ಗಿರಾಕಿ ವಾಪಸ್ ಬಂದು, ಎದುರಿಗೆ ಬರೋ ಬಸ್ಸೇ ಕಾಣಲ್ಲ ಅಂದ್ರು, ನೆನಪಿದೆಯಾ?"

ನೆನಪಿದೆ. ಏನು ಮಾಡಲಿ, ಇಪ್ಪತ್ತೆರಡು ವರ್ಷದ ಚಾಳಿ. ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ನನಗೆ ಯಾವತ್ತೂ ಪಾತ್ರ ಸಿಕ್ಕಿಲ್ಲ, ನಾನು ಕೇಳಿಯೂ ಇಲ್ಲ. ಪರದೆಯ ಎಡಬದಿಯಲ್ಲಿ ಸ್ಟೂಲಿನ ಮೇಲೆ ಕೂತು, ನಟರು ಮಾತು ಮರೆತಾಗ ಪಿಸುಗುಟ್ಟಿ ಹೇಳಿಕೊಡುವುದೇ ನನ್ನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ನಾನು ಪಿಸಕ್ಕ. ನಟರು ಬೇಕೆಂದೇ ಸುಮ್ಮನಾಗಿದ್ದಾರೋ ಮರೆತಿದ್ದಾರೋ ತಿಳಿಯಲು ಮೂರು ಎಣಿಸಬೇಕು. ಮರೆತವರ ಕಣ್ಣು ಮೆಲ್ಲಗೆ ನನ್ನ ಕಡೆಗೆ, ಎಡಕ್ಕೆ ಹೊರಳುತ್ತದೆ. ಮೂರಕ್ಕೂ ಮಾತು ಬರಲಿಲ್ಲವೋ, ನಾನು ಕೊಡಲೇಬೇಕು. ನಾಲ್ಕಕ್ಕೆ ಬಿಟ್ಟರೆ ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತದೆ.

ಹದಿನೈದು ತಿಂಗಳಾಯಿತು, ಆ ಸ್ಟೂಲಿನ ಮೇಲೆ ಕೂತು.

ಜೂನ್ 17, ಗುರುವಾರ

ಶುಭ ಸುದ್ದಿ! ತಂಡದ ಗ್ರೂಪಿನಲ್ಲಿ ಮೇಷ್ಟ್ರು ಬರೆದಿದ್ದಾರೆ. ಅವರು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ನಮಗೆ ನಾಟಕ ಬರೆದು ಆಡಿಸುವವರೂ ಅವರೇ. ಮುಂದಿನ ತಿಂಗಳ ಕೊನೆಗೆ ಒಂದು ಕಡೆ ಇಪ್ಪತ್ತು ಜನ ಸೇರಲು ಬಿಡುತ್ತಾರಂತೆ. ಆಗಸ್ಟ್ ಒಂದನೇ ತಾರೀಕು, ಭಾನುವಾರ, ನಾವು ನಾಟಕ ಆಡುವ ಹಾಲಿನಲ್ಲೇ ಸೇರಿ, ಅರ್ಧಕ್ಕೆ ನಿಂತುಹೋದ ನಾಟಕವನ್ನು ಒಂದು ಸಲ ಆಡಿ ನೋಡೋಣ ಎಂದಿದ್ದಾರೆ. ಓದಿ ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿದೆ. ಯಜಮಾನರು ಪತ್ರಿಕೆಯಿಂದ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದರು.

ತಕ್ಷಣ ನಾನು ಗ್ರೂಪಿನಲ್ಲಿ ಬರೆದೆ: "ಲೈಟಣ್ಣ, ಹಾಲಿನ ಬಲ್ಬುಗಳೆಲ್ಲ ಹೋಗಿರುತ್ತವೆ. ಏಣಿಯ ಧೂಳು ಕೊಡವಿ ಇಟ್ಟುಕೊಳ್ಳಿ!" ಲೈಟಣ್ಣ ಎಂದರೆ ನಮ್ಮ ರಾಣಿಯ ಗಂಡ, ಎಲೆಕ್ಟ್ರಿಷಿಯನ್, ನಮ್ಮ ನಾಟಕಗಳಿಗೆ ಬೆಳಕು ಹಾಕುವವರು. ಅವರದು ಬಟನ್ ಫೋನು. ಗ್ರೂಪಿನ ಸಮಾಚಾರವನ್ನೆಲ್ಲ ರಾಣಿಯೇ ಓದಿ ಹೇಳಬೇಕು. ರಾಣಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ನಾಟಕದಲ್ಲಿ ಅವಳಿಗೆ ರಾಣಿಯ ಪಾತ್ರ ಬಿಟ್ಟು ಬೇರೆ ಕೊಟ್ಟರೆ ಒಪ್ಪದು, ಆ ನಿಲುವೇ ಹಾಗೆ, ಅದಕ್ಕೇ ಎಲ್ಲರಿಗೂ ಅವಳು ರಾಣಿ.

ನನ್ನ ಸಂದೇಶಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮೇಷ್ಟ್ರು ಮಾತ್ರ ಕೈ ಮುಗಿದ ಚಿತ್ರ ಕಳಿಸಿದರು. ಹದಿನಾಲ್ಕು ಜನ ಓದಿದ್ದಾರೆ, ಒಬ್ಬರಿಗೂ ನಗು ಬರಲಿಲ್ಲವೇ? ಮನೆಯಲ್ಲಿ ಕೂತು ಕೂತು ಎಲ್ಲರಿಗೂ ತುಕ್ಕು ಹಿಡಿದಿದೆ.

ಜೂನ್ 20, ಭಾನುವಾರ

ಮಧ್ಯಾಹ್ನ ಮೂರಕ್ಕೆ ರಾಣಿಗೆ ಫೋನು. ಈ ರೋಗ ಶುರುವಾದಾಗಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಅದೊಂದು ಹೆಮ್ಮೆ ನನಗಿದೆ.

"ಏನೇ, ಊಟ ಆಯ್ತಾ?"

"ಆಯ್ತು ಕಣೇ."

"ಲೈಟಣ್ಣ ಹೇಗಿದಾರೆ? ಮಲಗಿರಬೇಕಲ್ಲ?"

"ಹ್ಞೂಂ."

ಭಾನುವಾರ ಮಧ್ಯಾಹ್ನದ ನಿದ್ದೆ ಲೈಟಣ್ಣನ ಹಕ್ಕು. ಸಿಡಿಲು ಹೊಡೆದರೂ ಏಳುವವರಲ್ಲ. ನಾನು ಆಗಸ್ಟ್ ಒಂದರ ಬಗ್ಗೆ ಹತ್ತು ನಿಮಿಷ ಒಂದೇ ಸಮನೆ ಕೊರೆದೆ. ಅವಳು ಹೂಂಗುಟ್ಟಿದಳು.

ಸಂಜೆ ಊಟಕ್ಕೆ ಕೂತಾಗ ಯಜಮಾನರು, "ಈ ಬೀನ್ಸು..." ಎಂದರು. ಅವರು ಬಸ್ ಡಿಪೋದಲ್ಲಿ ಟೈಮ್‌ಕೀಪರು. ಬಸ್ಸುಗಳನ್ನು ನಿಮಿಷಕ್ಕೆ ಸರಿಯಾಗಿ ಬಿಡುವ ಮನುಷ್ಯ ತನ್ನ ವಾಕ್ಯವೊಂದನ್ನೂ ಗುರಿ ಮುಟ್ಟಿಸುವುದಿಲ್ಲ. "ಎಳೆಯದಾಗಿದೆ ಅಲ್ವಾ?" ಎಂದೆ. "ಹ್ಞೂಂ" ಎಂದು ತಿಂದರು.

ಜೂನ್ 26, ಶನಿವಾರ

ಮೇಷ್ಟ್ರ ಜೊತೆ ನಾಟಕದ ಹಾಲು ನೋಡಿಬಂದೆ. ಕುರ್ಚಿಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದ್ದಾರೆ. ಪಾರಿವಾಳಗಳು ಸಿಂಹಾಸನವನ್ನು ಏನೇನೋ ಮಾಡಿಟ್ಟಿವೆ. ಗೋಡೆಯ ಕ್ಯಾಲೆಂಡರು ಹೋದ ವರ್ಷದ ಮಾರ್ಚಿನಲ್ಲೇ ನಿಂತಿದೆ. ನನ್ನ ಸ್ಟೂಲು ಮಾತ್ರ ಇದ್ದಲ್ಲೇ ಇತ್ತು. ಒರೆಸಿ ಸ್ವಲ್ಪ ಹೊತ್ತು ಕೂತೆ.

ಎದುರು ಗೋಡೆಯ ಸ್ವಿಚ್‌ಬೋರ್ಡಿನಲ್ಲಿ ಲೈಟಣ್ಣನ ಹಳದಿ ಟೇಪಿನ ಸ್ವಿಚ್ಚು ಹಾಗೇ ಇದೆ. ಅವರ ಸಾಮಾನಿಗೆಲ್ಲ ಹಳದಿ ಟೇಪು. ನಾಟಕದ ಗಡಿಬಿಡಿಯಲ್ಲಿ ಯಾರಾದರೂ ಎತ್ತಿಕೊಂಡು ಹೋಗುತ್ತಾರೆಂದು ಇಕ್ಕಳದಿಂದ ಹಿಡಿದು ಟೀ ಲೋಟದವರೆಗೆ ಸುತ್ತಿಬಿಡುತ್ತಿದ್ದರು. ಎರಡನೆಯ ಅಂಕದಲ್ಲಿ ಕಿರೀಟ ಕಳೆದುಕೊಂಡ ರಾಣಿ ಕತ್ತಲಲ್ಲಿ ಎದ್ದು ನಿಂತು, "ಯಾರಲ್ಲಿ! ದೀಪ ತನ್ನಿ!" ಎನ್ನಬೇಕು. ಅಲ್ಲಿಗೆ ಸರಿಯಾಗಿ ಆ ಸ್ವಿಚ್ಚು. "ಅರಮನೆಯಲ್ಲಿ ರಾಣಿ ಮಾತು ಕೇಳೋ ಆಳು ನಾನೊಬ್ಬನೇ, ಮನೆಯಲ್ಲೂ ಅಷ್ಟೇ" ಎಂದು ಲೈಟಣ್ಣ ಪ್ರತಿ ಸಲ ಹೇಳುತ್ತಿದ್ದರು, ನಾವು ಪ್ರತಿ ಸಲ ನಗುತ್ತಿದ್ದೆವು.

"ಲೈಟಣ್ಣನಿಗೆ ಒಂದು ದಿನ ಮೊದಲೇ ಬರೋಕೆ ಹೇಳಿ ಮೇಷ್ಟ್ರೇ" ಎಂದೆ.

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. "ನೋಡು ಪಿಸಕ್ಕ, ಲೈಟಿನ ವಿಷಯ..."

"ಆಮೇಲೆ ನೋಡೋಣ ಅಂತೀರಾ?"

"ಹ್ಞೂಂ, ಆಮೇಲೆ" ಎಂದರು.

ಅವರಿಗೂ ವಯಸ್ಸಾಯಿತು.

ಜುಲೈ 4, ಭಾನುವಾರ

ಮೂರು ಗಂಟೆಗೆ ರಾಣಿ. ಲೈಟಣ್ಣ ಮಲಗಿದ್ದಾರೆ. ಇವಳ ದನಿ ಯಾಕೋ ಪೇಲವವಾಗಿತ್ತು.

"ಒಂದನೇ ತಾರೀಕು ನಾನು ಬರೋದು..." ಎಂದು ನಿಂತಳು.

"ಕಷ್ಟ ಅಂತ ಮಾತ್ರ ಅನ್ಬೇಡ! ಕಿಟಕಿ ತೆಗೆದಿರ್ತೀವಿ, ಕುರ್ಚಿ ದೂರ ದೂರ ಹಾಕ್ತೀವಿ. ನೀನಿಲ್ಲದೆ ನಾಟಕ ಆಗುತ್ತೇನೇ? ಗಂಡನ್ನೂ ಎಬ್ಬಿಸಿ ಕರ್ಕೊಂಡು ಬಾ."

ಆಚೆಯಿಂದ ಏನೂ ಕೇಳಿಸಲಿಲ್ಲ. ಲೈನು ಸರಿಯಿಲ್ಲವೆಂದು ಇಟ್ಟುಬಿಟ್ಟೆ. ಅವಳು ಬಾರದಿದ್ದರೆ ನನಗೆ ಅಲ್ಲಿ ಏನು ಕೆಲಸ? ಈ ಹದಿನೈದು ತಿಂಗಳಲ್ಲಿ ನಾನು ಕಾದದ್ದು ನಾಟಕಕ್ಕಲ್ಲ, ಪರದೆಯ ಸಂದಿಯಿಂದ ಅವಳ ಮುಖ ನೋಡುವುದಕ್ಕೆ. ಇದನ್ನು ಅವಳಿಗೆ ಹೇಳಿದರೆ ಆಡಿಕೊಂಡು ನಗುತ್ತಾಳೆ, ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ಜುಲೈ 8, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನಿಜವೆನಿಸುವುದಿಲ್ಲ.

ಚಾರ್ಟಿನ ಹಿಂದಿನ ಟ್ಯೂಬ್‌ಲೈಟು ಹೋಗಿತ್ತು. ಮಾಲೀಕರು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ನನಗೆ ಪರಿಚಯವಿಲ್ಲದ ಮನುಷ್ಯ, ನಲವತ್ತೈದರ ಆಸುಪಾಸು. ನೆಲದ ಮೇಲೆ ಕೂತು ಚೀಲ ಬಿಚ್ಚಿದರು. ಇಕ್ಕಳಕ್ಕೆ ಹಳದಿ ಟೇಪು. ಸ್ಕ್ರೂಡ್ರೈವರಿಗೆ ಹಳದಿ ಟೇಪು. ಟೆಸ್ಟರಿಗೂ.

"ಇದು ನಮ್ಮ ಲೈಟಣ್ಣನ ಚೀಲ. ನಿಮ್ಮ ಕೈಗೆ ಹೇಗೆ ಬಂತು?" ಎಂದು ಗದರಿಯೇಬಿಟ್ಟೆ. ಕದ್ದಿದ್ದಾರೆ ಎಂದೇ ನನ್ನ ತಲೆಗೆ ಹೊಳೆದದ್ದು.

ಅವರು ಸಿಟ್ಟಾಗಲಿಲ್ಲ. "ಅವರ ಮನೆಯವರೇ ಕೊಟ್ರಮ್ಮ. ಅವರು ತೀರಿಕೊಂಡ ಮೇಲೆ."

"ಯಾರು ತೀರಿಕೊಂಡ ಮೇಲೆ?"

"ಅವರೇ. ಹೋದ ವರ್ಷ ಸೆಪ್ಟೆಂಬರಲ್ಲಿ. ಇದೇ ರೋಗ. ಆಸ್ಪತ್ರೆಗೆ ಸೇರಿಸಿ ಐದು ದಿನ ಅಷ್ಟೇ. ನಾನು ಅವರ ಜೊತೆ ಎಂಟು ವರ್ಷ ಕೆಲಸ ಮಾಡಿದೀನಿ. ನಿಮಗೆ..."

"ಗೊತ್ತು" ಎಂದೆ. ಯಾಕೆ ಹಾಗೆಂದೆನೋ! ಏನೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕೋಲು ಬಿತ್ತು. ಮಾಲೀಕರು ನೀರು ತಂದುಕೊಟ್ಟರು. ಆ ಮನುಷ್ಯ ಲೈಟು ಸರಿಮಾಡಿ, ಹಳದಿ ಟೇಪಿನ ಸಾಮಾನನ್ನೆಲ್ಲ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಹೋದರು.

ಹೋದ ಭಾನುವಾರ ಮಲಗಿದ್ದರಲ್ಲ. ಅದರ ಹಿಂದಿನ ಭಾನುವಾರವೂ ಮಲಗಿದ್ದರಲ್ಲ!

ಜುಲೈ 9, ಶುಕ್ರವಾರ

ಅಂಗಡಿಗೆ ಹೋಗಲಿಲ್ಲ. ಹೋದ ವರ್ಷದ ದಿನಚರಿ ತೆಗೆದು ಕೂತೆ. ಸೆಪ್ಟೆಂಬರ್ 8, ಮಂಗಳವಾರ. ನನ್ನದೇ ಅಕ್ಷರ. ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಇಳಿಸುತ್ತಿದ್ದೇನೆ:

"ಬೆಳಗ್ಗೆ ಹತ್ತಕ್ಕೆ ರಾಣಿ ತಾನಾಗಿಯೇ ಫೋನು ಮಾಡಿದಳು, ಅದೂ ಮಂಗಳವಾರ! ಗಂಟಲು ಪೂರ್ತಿ ಕಟ್ಟಿತ್ತು, ಮಾತೇ ಹೊರಡುತ್ತಿರಲಿಲ್ಲ. ನೆಗಡಿಯಾ ಎಂದೆ, ಹ್ಞೂಂ ಎಂದಳು. ಬಿಸಿನೀರು ಕುಡಿ ಎಂದೆ. ಲೈಟಣ್ಣ ಎಲ್ಲಿ, ಮಲಗಿದಾರಾ ಎಂದೆ, ಅದಕ್ಕೂ ಹ್ಞೂಂ. ಹಗಲು ಹತ್ತಕ್ಕೇ ನಿದ್ದೆಯೇ ಎಂದು ತಮಾಷೆ ಮಾಡಿದೆ. ಹಾಲು ತರುವುದಿತ್ತು, ಬೇಗ ಇಟ್ಟೆ."

ಓದಿ ಮುಗಿಸಿ ತಲೆ ಚಚ್ಚಿಕೊಂಡೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಕೈಯಿಂದ ಹಣೆ ಹೊಡೆದುಕೊಂಡೆ. ಅವಳು ಹೇಳಲು ಫೋನು ಮಾಡಿದ್ದಳು. ಮಾತು ಬರದೆ ನಿಂತಿದ್ದಳು. ನಾನು ಮೂರು ಎಣಿಸಿ ನನಗೆ ತೋಚಿದ ಮಾತನ್ನು ಅವಳ ಬಾಯಿಗೆ ಹಾಕಿದೆ. ಫೋನಿನಲ್ಲಿ ಕಣ್ಣು ಯಾವ ಕಡೆ ಹೊರಳಿತೆಂದು ಕಾಣುತ್ತದೆಯೇ? ಹಾಲು ತರುವುದಿತ್ತಂತೆ!

ಆಮೇಲಿನ ಭಾನುವಾರಗಳನ್ನು ಎಣಿಸಿದೆ. ನಲವತ್ತಮೂರು. ನಲವತ್ತಮೂರು ಸಲ ಲೈಟಣ್ಣನನ್ನು ನಾನೇ ಮಲಗಿಸಿದ್ದೇನೆ.

ಜುಲೈ 10, ಶನಿವಾರ

ಮೇಷ್ಟ್ರಿಗೆ ಫೋನು ಮಾಡಿದೆ. ಅವರಿಗೆ ಗೊತ್ತು. ಎಲ್ಲರಿಗೂ ಗೊತ್ತು. ಗ್ರೂಪಿನ ಹದಿನಾಲ್ಕು ಜನರಿಗೂ ಗೊತ್ತು. ಅವರಲ್ಲಿ ನಾಲ್ವರು ಸ್ಮಶಾನದ ಗೇಟಿನ ಹೊರಗೆ ನಿಂತು ಬಂದಿದ್ದಾರೆ. ಗೊತ್ತಿಲ್ಲದವಳು ನಾನೊಬ್ಬಳೇ, ವಾರ ವಾರ ಫೋನು ಮಾಡುವವಳು!

"ಅವಳೇ ಬೇಡ ಅಂದಿದ್ಲಮ್ಮ" ಎಂದರು ಮೇಷ್ಟ್ರು. "ಪಿಸಕ್ಕನಿಗೆ ನಾನೇ ಹೇಳ್ತೀನಿ, ನೀವ್ಯಾರೂ ಹೇಳಬೇಡಿ ಅಂತ ಎಲ್ಲರ ಹತ್ರ ಮಾತು ತಗೊಂಡಿದ್ಲು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ನಾವೂ ಕಾದ್ವಿ. ಮೊನ್ನೆ ಹಾಲಲ್ಲಿ ನನ್ನ ಕೈಲಿ ತಡೆಯೋಕಾಗಲಿಲ್ಲ, ಬಾಯಿ ತೆಗೆದೆ..."

ಅವರ ವಾಕ್ಯದ ಕೊನೆ ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

"...ನೀನು ಬಿಟ್ಟರೆ ತಾನೇ" ಎಂದು ಅವರೇ ಮುಗಿಸಿದರು.

ಇಟ್ಟ ಮೇಲೆ ಸಿಟ್ಟು ಬಂತು. ಎಲ್ಲರ ಮೇಲೆ, ಲೈಟಣ್ಣನ ಮೇಲೆ ಕೂಡ. ಅವರು ಸತ್ತು ಹತ್ತು ತಿಂಗಳ ಮೇಲೆ ನಾನು ಇವತ್ತು ಅತ್ತೆ. ಜೊತೆಗೆ ಅಳಲು ಈಗ ಯಾರೂ ಉಳಿದಿಲ್ಲ, ಎಲ್ಲರೂ ಅತ್ತು ಮುಗಿಸಿದ್ದಾರೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಏನೋ ಹೇಳಲು ಬಂದು, ಹೇಳದೆ ಟೀ ಮಾಡಿಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ಕುಡಿದೆ.

ಜುಲೈ 11, ಭಾನುವಾರ

ನಿನ್ನೆಯಿಂದ ಯೋಚಿಸಿದ್ದೆ. "ನನಗೆ ಗೊತ್ತಾಯ್ತು ಕಣೇ" ಎಂದರೆ ಮತ್ತೆ ನಾನೇ ಅವಳ ಮಾತನ್ನು ಆಡಿದಂತೆ. "ಮಲಗಿದಾರಾ" ಎಂದು ಕೇಳಲಂತೂ ನಾಲಿಗೆ ಏಳದು. ಏನೂ ಕೇಳುವುದಿಲ್ಲ, ಅವಳಾಗಿಯೇ ಹೇಳಲಿ ಎಂದು ನಿರ್ಧರಿಸಿದೆ. ಮೂರಕ್ಕೆ ಫೋನು ಮಾಡಿದೆ.

"ಊಟ ಆಯ್ತಾ?"

"ಆಯ್ತು ಕಣೇ."

ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಒಂದು, ಎರಡು, ಮೂರು. ನಾಲ್ಕು. ಐದು. ಇಷ್ಟು ವರ್ಷದಲ್ಲಿ ನಾಲ್ಕು ದಾಟಿದ್ದು ಇದೇ ಮೊದಲು. ಅವಳ ಮನೆಯ ಗಡಿಯಾರದ ಸದ್ದು ನನಗೆ ಕೇಳಿಸುತ್ತಿತ್ತು. ಹನ್ನೊಂದಕ್ಕೆ ಅವಳೇ ಮಾತಾಡಿದಳು.

"ಯಾರು ಹೇಳಿದ್ರು?"

"ಚೀಲ ನೋಡಿದೆ. ಅಂಗಡಿಗೆ ಬಂದಿದ್ರು, ಅವರ ಜೊತೆ ಕೆಲಸ ಮಾಡ್ತಿದ್ದವರು."

"ಓ."

"ಕ್ಷಮಿಸು ಕಣೇ. ನಾನು..."

"ಇವತ್ತೂ ಕೇಳಬಹುದಿತ್ತಲ್ಲ ನೀನು" ಎಂದಳು ರಾಣಿ. "ಗೊತ್ತಾದ್ರೂ ಕೇಳಬಹುದಿತ್ತು. ಮಲಗಿದಾರಾ ಅಂತ ಒಂದು ಮಾತು. ಅಷ್ಟು ಕೊಡೋಕೂ ಆಗಲಿಲ್ವಾ ನಿನಗೆ?"

ಫೋನು ಇಟ್ಟುಬಿಟ್ಟಳು.

ಗರ ಬಡಿದವಳಂತೆ ಕೂತಿದ್ದೇನೆ. ಮಾತಾಡಿದ್ದು ತಪ್ಪೆಂದು ಸುಮ್ಮನಾದೆ. ಸುಮ್ಮನಾದದ್ದು ಅದಕ್ಕಿಂತ ದೊಡ್ಡ ತಪ್ಪಾಯಿತೇ? ನನಗೆ ಏನೂ ಅರ್ಥವಾಗುತ್ತಿಲ್ಲ. ಇಪ್ಪತ್ತೆರಡು ವರ್ಷ ಅವಳ ಒಂದೊಂದು ಮಾತೂ ಬಾಯಿಪಾಠ ಎಂದು ಬೀಗಿದ್ದೆನಲ್ಲ.

ಜುಲೈ 12, ಸೋಮವಾರ

ಅವಳು ಗ್ರೂಪು ಬಿಟ್ಟುಹೋಗಿದ್ದಾಳೆ.

ಜುಲೈ 18, ಭಾನುವಾರ

ಮೂರಕ್ಕೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಲಿಲ್ಲ. ಮೊದಲಾಗಿದ್ದರೆ ಹತ್ತು ಸಲ ಮಾಡುತ್ತಿದ್ದೆ.

ಸಂಜೆ ಅವಳ ಬೀದಿಯವರೆಗೆ ನಡೆದುಹೋದೆ. ಮನೆಯ ಮುಂದೆ ಏಣಿ ಗೋಡೆಗೆ ಒರಗಿತ್ತು. ಅದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ. ಬಾಗಿಲು ತಟ್ಟದೆ ವಾಪಸು ಬಂದೆ. ಬರಬೇಡ ಎನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ.

ಜುಲೈ 21, ಬುಧವಾರ

ಬರೆಯುವಂಥದ್ದು ಹೆಚ್ಚೇನೂ ಇಲ್ಲ. ಅಂಗಡಿಯಲ್ಲಿ ಜನ ಜಾಸ್ತಿ. ಒಬ್ಬ ಹೆಂಗಸು, ಹೊಲಿಗೆ ಕೆಲಸದವರು, ನಾಲ್ಕನೆಯ ಸಾಲಿಗೇ ನಿಂತರು. ನನ್ನ ತಲೆ ಬೇರೆಲ್ಲೋ ಇತ್ತು, ಕೋಲು ಹಿಡಿದು ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ ಅವರು, "ಕಾಣಿಸ್ತಿಲ್ಲ ಸಾರ್. ಒಂದು ವರ್ಷದಿಂದ ಕಾಣಿಸ್ತಿಲ್ಲ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿರಲಿಲ್ಲ" ಎಂದು ಅತ್ತುಬಿಟ್ಟರು. ಮಾಲೀಕರು ತಬ್ಬಿಬ್ಬಾದರು. ಆಮೇಲೆ ಸರಿಯಾದ ಲೆನ್ಸ್ ಸಿಕ್ಕಿತು. ಹೋಗುವಾಗ ಅವರು ನನಗ್ಯಾಕೋ ಕೈ ಮುಗಿದರು. ನಾನೇನು ಮಾಡಿದೆ?

ರಾತ್ರಿ ಊಟದಲ್ಲಿ ಇನ್ನೊಂದು ಆಘಾತ. ಯಜಮಾನರು "ಈ ಬೀನ್ಸು..." ಎಂದರು. ನಾನು ರಾಣಿಯ ಏಣಿಯ ಬಗ್ಗೆ ಯೋಚಿಸುತ್ತಿದ್ದೆ, ಉತ್ತರ ಕೊಡಲಿಲ್ಲ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ನೀರು ಕುಡಿದರು.

"ನನಗೆ ಬೀನ್ಸ್ ಅಂದ್ರೆ ಆಗಲ್ಲ" ಎಂದರು.

"ಏನಂದ್ರಿ?"

"ಆಗಲ್ಲ. ಮೊದಲಿನಿಂದಲೂ ಆಗಲ್ಲ."

ಮದುವೆಯಾಗಿ ಇಪ್ಪತ್ತೇಳು ವರ್ಷ. ವಾರಕ್ಕೆ ಎರಡು ಸಲ ಬೀನ್ಸು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು.

ಜುಲೈ 25, ಭಾನುವಾರ

ಇವತ್ತು ನಾನು ಫೋನು ಮಾಡಬಾರದೆಂದು ಅದನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಬಟ್ಟೆ ಮಡಿಸುತ್ತಿದ್ದೆ. ಸರಿಯಾಗಿ ಮೂರಕ್ಕೆ ಅದೇ ಹೊಡೆದುಕೊಂಡಿತು. ರಾಣಿ!

"ಊಟ ಆಯ್ತೇನೇ?" ಎಂದಳು. ಅದು ನನ್ನ ಪ್ರಶ್ನೆ.

"ಆಯ್ತು" ಎಂದೆ. ಅಷ್ಟೇ ಅಂದೆ.

ಅವಳು ಸುಮ್ಮನಾದಳು. ಎಣಿಸಲು ಶುರುಮಾಡಿದವಳು ಮೂವತ್ತರ ಹತ್ತಿರ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ. ಆಮೇಲೆ ಅವಳು ಮಾತಾಡಿದಳು. ಮುಕ್ಕಾಲು ಗಂಟೆ ಮಾತಾಡಿದಳು. ಆಸ್ಪತ್ರೆಯವರು ಒಳಗೆ ಬಿಡದಿದ್ದದ್ದು, ಕಿಟಕಿಯ ಗಾಜಿನ ಆಚೆಯಿಂದ ಲೈಟಣ್ಣ ಕೈಸನ್ನೆಯಲ್ಲೇ ಮನೆಯ ಮೇನ್ ಸ್ವಿಚ್ ಆಫ್ ಮಾಡಿದೆಯಾ ಎಂದು ಕೇಳಿದ್ದು, ಮಾಡಿರದಿದ್ದರೂ ಇವಳು ಮಾಡಿದೀನಿ ಎಂದು ತಲೆಯಾಡಿಸಿದ್ದು. ಅದೇ ಕೊನೆ.

"ಆ ಮಂಗಳವಾರ ನಿನಗೇ ಮೊದಲು ಹೇಳಬೇಕು ಅಂತ ಫೋನ್ ಮಾಡಿದೆ. ಬಾಯಿ ತೆಗೆದ್ರೆ ಮಾತೇ ಬರಲಿಲ್ಲ. ನೀನು ನೆಗಡಿಯಾ ಅಂದೆ. ನಾನು ಹ್ಞೂಂ ಅಂದೆ. ಇಪ್ಪತ್ತೆರಡು ವರ್ಷ ನೀನು ಕೊಟ್ಟಿದ್ದನ್ನ ಹಾಗೇ ಹೇಳಿದೀನಿ ಕಣೇ, ಒಂದು ಸಲವೂ ತಪ್ಪಾಗಿರಲಿಲ್ಲ. ಫೋನ್ ಇಟ್ಟ ಮೇಲೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ? ನಿನ್ನ ಕುತ್ತಿಗೆ ಹಿಸುಕಬೇಕು ಅನ್ನಿಸ್ತು. ಆದ್ರೆ ಭಾನುವಾರ ಬಂತು. ನೀನು ಮಲಗಿದಾರಾ ಅಂದೆ. ನೀನು ಕೇಳಿದ ಆ ಗಳಿಗೆ, ನಾನು ಒಳಗಿನ ರೂಮ್ ಕಡೆ ತಿರುಗಿ ನೋಡಿದೆ. ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗೆ ಇರಬಹುದು ಅನ್ನಿಸ್ತು. ಆಮೇಲೆ ಪ್ರತಿ ಭಾನುವಾರ ಮೂರು ಗಂಟೆಗೆ ಆ ಬಾಗಿಲು ಮುಂದಕ್ಕೆ ಹಾಕಿ ಕೂತ್ಕೊಳ್ತಿದ್ದೆ. ಬೇರೆ ಎಲ್ಲರೂ ಪಾಪ ಅಂತಿದ್ರು. ನೀನೊಬ್ಬಳೇ ಮಲಗಿದಾರಾ ಅಂತಿದ್ದೆ."

ನಾನು ಸೀರೆಯನ್ನು ಬಾಯಿಗೆ ಒತ್ತಿಕೊಂಡಿದ್ದೆ. ನನ್ನ ಅಳು ಅವಳ ಮಾತಿಗೆ ಅಡ್ಡ ಬರಬಾರದಲ್ಲ.

"ಒಂದನೇ ತಾರೀಕು ಎಷ್ಟು ಗಂಟೆಗೆ?" ಎಂದು ಕೊನೆಗೆ ಕೇಳಿದಳು.

"ಹತ್ತಕ್ಕೆ."

"ನೋಡ್ತೀನಿ. ಬರ್ತೀನಿ ಅಂತ ಹೇಳ್ತಿಲ್ಲ."

ಬಂದೇ ಬಾ ಅನ್ನದೆ ತಡೆದುಕೊಂಡೆ. ಈಗ ನೋಡಿದರೆ ಕೆಳತುಟಿಯಲ್ಲಿ ಹಲ್ಲಿನ ಗುರುತು ಬಿದ್ದಿದೆ.

ಆಗಸ್ಟ್ 1, ಭಾನುವಾರ

ಹತ್ತಕ್ಕೆ ಬರಲಿಲ್ಲ. ಹತ್ತೂವರೆಗೂ ಇಲ್ಲ. ಹನ್ನೆರಡು ಜನ ಸೇರಿದ್ದೆವು. ದೂರ ದೂರ ನಿಂತು, ಮಾಸ್ಕಿನ ಮೇಲಿನ ಕಣ್ಣುಗಳನ್ನಷ್ಟೇ ನೋಡಿ ಯಾರು ಯಾರೆಂದು ಗುರುತು ಹಿಡಿದೆವು. ಕಳ್ಳ ಮಂತ್ರಿಯ ಪಾತ್ರದ ಹಲ್ಲು ಡಾಕ್ಟರು ಎಷ್ಟು ಇಳಿದುಹೋಗಿದ್ದಾರೆಂದರೆ ಮಂತ್ರಿಯ ನಿಲುವಂಗಿಯಲ್ಲಿ ಇನ್ನೊಬ್ಬರು ಹಿಡಿಸುತ್ತಾರೆ. ಯಾರೂ ಲೈಟಣ್ಣನ ಹೆಸರೆತ್ತಲಿಲ್ಲ. ನನಗೆ ಮುಖ ಕೊಟ್ಟು ಮಾತಾಡಲೂ ಎಲ್ಲರಿಗೂ ಮುಜುಗರ. ಅವಳಿಲ್ಲದೆ ಶುರುಮಾಡೋಣವೇ ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.

ಹತ್ತು ನಲವತ್ತಕ್ಕೆ ಬಾಗಿಲಲ್ಲಿ ರಾಣಿ. ಅರ್ಧ ಮೈ ಆಗಿದ್ದಾಳೆ. ಯಾರನ್ನೂ ಮಾತಾಡಿಸದೆ ನೇರವಾಗಿ ವೇದಿಕೆ ಹತ್ತಿ, "ಎರಡನೇ ಅಂಕ" ಎಂದಳು. ಮೇಷ್ಟ್ರಿಗೇ ಆಜ್ಞೆ!

ನಾನು ಓಡಿಹೋಗಿ ಸ್ಟೂಲಿನ ಮೇಲೆ ಕೂತೆ. ವೇದಿಕೆಯ ಕಡೆಯ ಕಿಟಕಿಗಳಿಗೆ ಪರದೆ ಎಳೆದಿದ್ದರಿಂದ ಅಲ್ಲಿ ಮಬ್ಬುಗತ್ತಲೆ. ರಾಣಿ ಸಿಂಹಾಸನದಲ್ಲಿ ಒರಗಿ ನಿದ್ದೆ ಮಾಡಿದಳು. ಎಚ್ಚರಗೊಂಡಳು. ತಲೆ ಮುಟ್ಟಿ ನೋಡಿಕೊಂಡಳು, ಕಿರೀಟವಿಲ್ಲ. ಗಾಬರಿಯಿಂದ ಎದ್ದು ನಿಂತಳು. ಅಲ್ಲಿಗೆ ಆ ಮಾತು ಬರಬೇಕು.

ಬರಲಿಲ್ಲ.

ಒಂದು, ಎರಡು, ಮೂರು. ಯಾಕೆ ನಿಂತಳೆಂದು ನನಗೆ ಗೊತ್ತು. ಆ ಮಾತಿಗೆ ಬೆಳಕು ಹಾಕುವವರಿಲ್ಲ. ಇದು ಮರೆವಲ್ಲ, ಇಲ್ಲಿ ನಾನು ಮೂಗು ತೂರಿಸಬಾರದು. ಆರು, ಏಳು. ಅವಳ ಕಣ್ಣು ಎಡಕ್ಕೆ ಬಂತು. ನಾನು ತುಟಿ ಕಚ್ಚಿಕೊಂಡೆ. ಹತ್ತು. ಹನ್ನೆರಡು. ಮೇಷ್ಟ್ರು ಅರ್ಧ ಎದ್ದರು, ಕೂರಿ ಎಂದು ಕೈ ತೋರಿಸಿದೆ. ಹದಿನೈದು. ಹಾಲಿನಲ್ಲಿ ಪಾರಿವಾಳ ಕೂಡ ಅಲುಗಲಿಲ್ಲ.

ರಾಣಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ನನ್ನ ಕಡೆ ತಿರುಗಿದಳು.

"ಏ ಪಿಸಕ್ಕ! ಸತ್ತೆಯೇನೇ ಅಲ್ಲಿ? ಮಾತು ಹೇಳಿಕೊಡೇ!"

ಆ ಪದವನ್ನು ಇವಳ ಬಾಯಿಂದ ಕೇಳುತ್ತೇವೆಂದು ಯಾರೂ ಎಣಿಸಿರಲಿಲ್ಲ, ಅವಳೂ ಎಣಿಸಿರಲಿಲ್ಲವೇನೋ. ಆಡಿದ ಮೇಲೆ ಅವಳ ಮುಖವೇ ಬಿಳುಚಿಕೊಂಡಿತು. ಮರುಗಳಿಗೆ ಅವಳಿಗೇ ನಗು ಬಂತು. ಹಲ್ಲು ಡಾಕ್ಟರು ಮಾಸ್ಕಿನೊಳಗೇ ಕಿಸಕ್ಕೆಂದರು. ಆಮೇಲೆ ಯಾರು ನಗುತ್ತಿದ್ದಾರೆ ಯಾರು ಅಳುತ್ತಿದ್ದಾರೆ ಎಂದು ತಿಳಿಯಲಿಲ್ಲ. ಅವಳಿಗೆ ಬರೀ ಮಾತು ಮರೆತುಹೋಗಿತ್ತು! ಹದಿನಾರು ತಿಂಗಳಾಗಿದೆ, ಯಾರಿಗೆ ನೆನಪಿರುತ್ತದೆ?

"ಯಾರಲ್ಲಿ! ದೀಪ ತನ್ನಿ!" ಎಂದೆ. ಪಿಸುಗುಟ್ಟಬೇಕಾದದ್ದು ಕೂಗಾಗಿ ಬಂತು.

"ಹ್ಞಾಂ" ಎಂದಳು. ಮತ್ತೆ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಹಾಲು ನಡುಗುವಂತೆ ಹೇಳಿದಳು: "ಯಾರಲ್ಲಿ! ದೀಪ ತನ್ನಿ!"

ಬೆಳಕು ಬರಲಿಲ್ಲ. ಸ್ವಿಚ್ಚಿನ ಹತ್ತಿರ ಯಾರನ್ನೂ ನಿಲ್ಲಿಸಿರಲಿಲ್ಲ. ಆ ಕೆಲಸವನ್ನು ಇನ್ನೊಬ್ಬರಿಗೆ ಹೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ನಾವೆಲ್ಲ ನೆಲ ನೋಡುತ್ತ ಕೂತೆವು.

ರಾಣಿ ಕಾದಳು. ಮೂರು ಎಣಿಸುವಷ್ಟು ಹೊತ್ತು ಕಾದಳು. ಆಮೇಲೆ ಸೆರಗು ಎತ್ತಿ ಹಿಡಿದು ವೇದಿಕೆಯ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ನಡೆದುಹೋಗಿ, ಎದುರು ಗೋಡೆಯ ಹಳದಿ ಟೇಪಿನ ಸ್ವಿಚ್ಚನ್ನು ಒತ್ತಿದಳು. ಬೆಳಕು ಬಂತು. ವಾಪಸು ನಡೆದುಬಂದು, ಮೆಟ್ಟಿಲು ಹತ್ತಿ, ಮೊದಲು ನಿಂತಿದ್ದ ಜಾಗದಲ್ಲೇ ನಿಂತಳು.

ಮುಂದಿನ ಮಾತು ನನ್ನ ತುದಿನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅವಳಿಗೆ ಬೇಕಾಗಲಿಲ್ಲ.